ನರ

ಜಿಲ್ಲಾಸ್ಪತ್ರೆಯ ಹನ್ನೊಂದನೇ ಕೋಣೆಯಲ್ಲಿ
ಇಪ್ಪತ್ತಾರು ವರ್ಷ ರಕ್ತ ತೆಗೆದವಳು ನಾನು.
ನರ ಸಿಗದವರನ್ನು ನನ್ನ ಹತ್ತಿರವೇ ಕಳಿಸುತ್ತಿದ್ದರು:
ಊದಿದ ಕೈಯವರು, ಎರಡು ದಿನದ ಶಿಶುಗಳು,
ಬೈತಖೋಲದಲ್ಲಿ ದೋಣಿಯಿಂದಿಳಿದು ನೇರ ಬಂದವರು,
ಹಗ್ಗ ಎಳೆದೆಳೆದು ತೊಗಲೇ ಹಗ್ಗವಾದವರು.
ನಾನು ಕಿಟಕಿಯಾಚೆ ಆಂಬುಲೆನ್ಸಿನ ಚಕ್ರ ನೋಡುತ್ತ
ತೋರುಬೆರಳಿಂದ ಮೆಲ್ಲಗೆ ಒತ್ತುತ್ತಿದ್ದೆ.
ಒಳಗೆಲ್ಲೋ ಒಂದು ಸಣ್ಣ ಪುಟಿತ.
ಇಲ್ಲಿದ್ದೀಯಾ.

ತಳೇಕರ ಸಿಸ್ಟರ್ ಕೈಗುಣ, ಅನ್ನುತ್ತಿದ್ದರು.
ಸಿಸ್ಟರ್ ಅಲ್ಲ, ಲ್ಯಾಬಿನವಳು ಅಂದರೆ
ಯಾರೂ ಕೇಳುತ್ತಿರಲಿಲ್ಲ.

ಮೊದಲು ಹೋದದ್ದು ಕಿರುಬೆರಳ ತುದಿ.
ಹೋದದ್ದು ಅನ್ನುವುದೂ ಸರಿಯಲ್ಲ,
ಅಲ್ಲೇ ಇತ್ತು, ಉಗುರು ಬೆಳೆಯುತ್ತಿತ್ತು,
ಕತ್ತರಿಸಿದರೆ ನೆರೆಮನೆಯವಳ ಉಗುರು ಕತ್ತರಿಸಿದ ಹಾಗೆ.
ಜೋಮು ಹಿಡಿದರೆ ಕೊಡವುತ್ತೇವಲ್ಲ, ಕೊಡವಿದೆ.
ಒಂದು ಮಳೆಗಾಲ ಪೂರ್ತಿ ಕೊಡವಿದೆ.

ಡಾಕ್ಟರು ಉಕ್ಕಿನ ಕವೆಯೊಂದನ್ನು ಮೇಜಿಗೆ ಬಡಿದು
ನನ್ನ ಬೆರಳ ಗೆಣ್ಣಿಗಿಟ್ಟರು.
“ಕಂಪನ ನಿಂತ ಕೂಡಲೇ ಹೇಳಿ.”
ಶುರುವಾಯಿತೇ, ಎಂದು ಕೇಳಿದೆ.

“ಸಕ್ಕರೆ ಹದಿನೆಂಟು ವರ್ಷದ್ದು. ನರ ತಿಂದಿದೆ.”
ನರ.
ನಮ್ಮ ಜನಕ್ಕೆ ರಕ್ತ ಹರಿಯುವುದೂ ಅದರಲ್ಲೇ
ನೋವು ಹರಿಯುವುದೂ ಅದರಲ್ಲೇ.
ಪರೀಕ್ಷೆಯಲ್ಲಿ ಎರಡನ್ನೂ ಬೇರೆ ಬೇರೆ ಬರೆದು ಪಾಸಾಗಿದ್ದೆ.
ಈಗ ಜನ ಹೇಳುವುದೇ ಸರಿಯೇನೋ ಅನಿಸುತ್ತದೆ.

ಸ್ಪರ್ಶ ಇಲ್ಲ ಅಂದರೆ ಖಾಲಿ ಅಂದುಕೊಳ್ಳುತ್ತಾರೆ.
ಖಾಲಿ ಅಲ್ಲ.
ರಾತ್ರಿ ಎರಡಕ್ಕೆ ಕೈಗವಸಿನೊಳಗೆ ಮರಳು ಸುರಿದ ಹಾಗೆ,
ಕಡಲದಂಡೆಯದಲ್ಲ,
ಕಡಲೆ ಹುರಿಯುವವನ ಬಾಣಲೆಯದು.
ಎದ್ದು ಕೂತು ದೇವಗಡದ ದೀಪ ಎಣಿಸುತ್ತೇನೆ,
ಬಂತು, ಹೋಯಿತು, ಬಂತು.
ಯಶವಂತ ನಿದ್ದೆಗಣ್ಣಲ್ಲೇ ನನ್ನ ಕೈ ತಡಕಿ ಹಿಡಿಯುತ್ತಾನೆ.
ಹಿಡಿದದ್ದು ನೋಡಿ ತಿಳಿಯುತ್ತೇನೆ.

ಬೆಳಿಗ್ಗೆ ರವಿಕೆಯ ಹುಕ್ಕು ಅವನದೇ ಕೆಲಸ.
ಮೂವತ್ತು ವರ್ಷ ಬಿಚ್ಚುವುದಷ್ಟೇ ಬರುತ್ತಿದ್ದವನು
ಹಾಕುವುದು ಕಲಿಯುತ್ತಿದ್ದಾನೆ, ನಾಲಗೆ ಕಚ್ಚಿಕೊಂಡು,
ಒಂದು ಹೆಚ್ಚು, ಒಂದು ಕಡಿಮೆ.

ಮೊನ್ನೆ ಗಂಜಿಯ ತಪ್ಪಲೆ ಬರಿಗೈಲಿ ಇಳಿಸಿದೆ.
ಸುಡುತ್ತಿರುವುದು ಗಂಜಿಯಲ್ಲ ಎಂದು
ಮೂಗು ಹೇಳಿತು.
ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರಲ್ಲ,
ಬೇಕು ಮಾರಾಯರೆ, ನನಗೆ ಬೇಕು.
ಮಲಗುವ ಮುಂಚೆ ಕನ್ನಡಕ ಏರಿಸಿ, ದೀಪದಡಿ
ಎರಡೂ ಅಂಗೈ ಓದುತ್ತೇನೆ,
ಇವತ್ತು ಎಲ್ಲೆಲ್ಲಿ ಕೊಯ್ದುಕೊಂಡೆ ಎಂದು.

ಮೀನುಪೇಟೆಯಲ್ಲಿ ಬಂಗುಡೆ ಒತ್ತಿ ನೋಡುತ್ತೇನೆ, ಹಳೇ ಚಟ.
ಮೆತ್ತಗೋ ಬಿಗಿಯೋ, ಮೀನೋ ಮರದ ತುಂಡೋ.
ಮೋಹಿನಿ ಹರಿಕಂತ್ರ ನನ್ನ ಮುಖ ನೋಡಿ
ತಾನೇ ಒತ್ತಿ ತೋರಿಸುತ್ತಾಳೆ, “ತಾಜಾ ಬಾಯೆ.”
ಮಾರುವವಳ ಹೆಬ್ಬೆರಳು ನಂಬಿ ಮೀನು ಕೊಳ್ಳುವ ಹುಚ್ಚಿ
ಇಡೀ ಕಾರವಾರದಲ್ಲಿ ನಾನೊಬ್ಬಳೇ.
ಇನ್ನೂ ಮೋಸವಾಗಿಲ್ಲ.
ಒಮ್ಮೆ ತಾರ್ಲೆಯಲ್ಲಿ ಆಯಿತು, ಅದು ಬಿಡಿ.

ನಿನ್ನೆ ಅದೇ ಹನ್ನೊಂದನೇ ಕೋಣೆಗೆ ಹೋದೆ, ಚೀಟಿ ಹಿಡಿದು.
ಹೊಸ ಹುಡುಗಿ, ಸಂಪದಾ ಗುನಗಿ.
ಎರಡು ಸಲ ಚುಚ್ಚಿ ಬೆವರಿದಳು.
“ನರಾನೇ ಸಿಗ್ತಿಲ್ಲ ಮೇಡಂ.”
ಕೈ ಮಣಿಕಟ್ಟಿನತನಕ ಸತ್ತಿದ್ದರೂ
ಮೊಣಕೈಗೆ ಇನ್ನೂ ಬುದ್ಧಿಯಿದೆ.
ಅವಳ ಬೆರಳು ನಡುಗುವುದು ಅಲ್ಲಿ ತಿಳಿಯುತ್ತಿತ್ತು.
ಕಿಟಕಿ ನೋಡು ಅಂದೆ. ಚಕ್ರ ನೋಡು.
ಇನ್ನೂ ಒಳಗೆ. ಎಡಕ್ಕೆ. ಪುಟಿಯಿತಾ?
ಹ್ಞೂಂ, ಅಂದಳು,
ಮಗು ಮೊದಲ ಸಲ ಮೀನು ಮುಟ್ಟಿದ ದನಿಯಲ್ಲಿ.
“ನೋಯ್ತಾ ಮೇಡಂ?”
ನೋಯಿತು ಅಂದೆ, ಚೆನ್ನಾಗಿ ನೋಯಿತು.

ಹತ್ತಿಯುಂಡೆ ಒತ್ತಿ ಹಿಡಿದೇ ಸದಾಶಿವಗಡದ ಬಸ್ಸು ಹತ್ತಿದೆ.
ನನ್ನದೇ ಹೆಬ್ಬೆರಳು, ಮೊಣಕೈಗೆ ಮಾತ್ರ
ಯಾರೋ ಒತ್ತಿದಂತೆ ಇತ್ತು, ಒಳ್ಳೆಯವರು ಯಾರೋ.
ಕಾಳಿ ಸೇತುವೆಯ ಮೇಲೆ ಬಗ್ಗಿ ನೋಡಿದರೆ
ಹತ್ತಿ ಇರಲಿಲ್ಲ.
ಎಲ್ಲೋ ಕೋಡಿಬಾಗದಲ್ಲೇ ಬಿದ್ದಿರಬೇಕು.
ಬೆರಳು ಒತ್ತಿಕೊಂಡೇ ಇತ್ತು.